ಶೆಟ್ಟಿಹಳ್ಳಿಯ ಒಂದು ಮೇಜು: ಬೈಬಲ್, ಗಡಿಯಾರ, ಗಣಕಯಂತ್ರ

ಶೆಟ್ಟಿಹಳ್ಳಿ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಅಲ್ಲಿ ಕಟ್ಟಿಸಿದ ರೋಸರಿ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಮೇಲೇಳುವ ಆ ಪಾಳು ಗೋಡೆಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ.

ಇಲ್ಲಿ ಹೇಳಹೊರಟಿರುವುದು ಅದೇ ಹೆಸರಿನ ಇನ್ನೊಂದು ಊರಿನ ವಿಷಯ. ಇದು ಬೆಂಗಳೂರಿನ ವಾಯವ್ಯ ಅಂಚಿನ ಶೆಟ್ಟಿಹಳ್ಳಿ. ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಿಂದ ಕೆಲವೇ ಕಿಲೋಮೀಟರು. ಒಂದು ಕಡೆ ದಾಸರಹಳ್ಳಿ, ಮಲ್ಲಸಂದ್ರ. ಇನ್ನೊಂದು ಕಡೆ ಅಬ್ಬಿಗೆರೆ, ಚಿಕ್ಕಬಾಣಾವರ. 2007ರಲ್ಲಿ ದಾಸರಹಳ್ಳಿ ನಗರಸಭೆ ಬೆಂಗಳೂರಿನ ಮಹಾನಗರ ಪಾಲಿಕೆಯಲ್ಲಿ ಸೇರಿಹೋದಾಗ ಈ ಭಾಗಕ್ಕೂ ನಗರದ ಮುದ್ರೆ ಬಿತ್ತು. 2015ರಲ್ಲಿ ಮೆಟ್ರೋ ರೈಲು ಜಾಲಹಳ್ಳಿ, ದಾಸರಹಳ್ಳಿಗಳನ್ನು ಹಾದು ನಾಗಸಂದ್ರದವರೆಗೆ ಓಡತೊಡಗಿತು. ಪ್ರವಾಸಿ ಪುಸ್ತಕಗಳಲ್ಲಿ ಈ ಊರಿನ ಹೆಸರಿಲ್ಲ. ನೋಡಲು ಪಾಳು ಚರ್ಚೂ ಇಲ್ಲ, ಕೋಟೆಯೂ ಇಲ್ಲ. ಇರುವುದು ಕೆರೆ, ಬಡಾವಣೆಗಳು, ಅಂಗಡಿ ಸಾಲು, ಬೆಳಿಗ್ಗೆ ಪಾಳಿಗೆ ಹೊರಡುವ ಜನ.

ಆದರೂ ಈ ಊರನ್ನು ನೋಡುವ ಒಂದು ಬಗೆಯಿದೆ. ಅದು ಸುತ್ತಲಿನ ಕಾರ್ಖಾನೆಗಳ ಮೂಲಕ ನೋಡುವ ಬಗೆ.

ಕೈಕೆಲಸದ ಸೀಮೆ

1953ರಲ್ಲಿ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ನಮ್ಮೆಲ್ಲರ ಎಚ್‌ಎಂಟಿ ಹುಟ್ಟಿತು. ಮರುವರ್ಷವೇ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್ ಬಂತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದೊಂದಿಗೆ ಎಚ್‌ಎಂಟಿ ಕೈಗಡಿಯಾರ ತಯಾರಿಸತೊಡಗಿತು. ಪಕ್ಕದಲ್ಲೇ ವಾಯುಪಡೆಯ ತಾಂತ್ರಿಕ ತರಬೇತಿಯ ನೆಲೆ, ಆಚೆಗೆ ಪೀಣ್ಯದ ಸಾವಿರಾರು ಸಣ್ಣ ವರ್ಕ್‌ಶಾಪುಗಳು. ಲೇತು, ಫೈಲು, ಸೋಲ್ಡರಿಂಗ್ ಕಡ್ಡಿ, ಮಲ್ಟಿಮೀಟರು ಇವು ಇಲ್ಲಿನ ಅನೇಕ ಮನೆಗಳಲ್ಲಿ ಅಡಿಗೆಮನೆಯ ಸೌಟಿನಷ್ಟೇ ಪರಿಚಿತ. ಕಾರ್ಖಾನೆಯಲ್ಲಿ ಕಲಿತದ್ದು ಸಂಜೆ ಮನೆಗೂ ಬರುತ್ತದೆ. ಕೆಟ್ಟ ರೇಡಿಯೊ, ನಿಂತ ಫ್ಯಾನು, ಸೋರುವ ಪಂಪು ಎಲ್ಲವನ್ನೂ ಬಿಚ್ಚಿ ನೋಡುವ ಕೈಚಳಕ ಇಂಥ ಕಡೆ ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ.

ಗಣಕಯಂತ್ರಕ್ಕೂ ಈ ಸೀಮೆಗೂ ನಂಟುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬಡವರ ಕೈಗೂ ಎಟಕಲಿ ಎಂದು ರೂಪಿಸಿದ ಅಂಗೈಯಗಲದ 'ಸಿಂಪ್ಯೂಟರ್' ನೆನಪಿರಬಹುದು. ಅದರ 'ಅಮಿಡಾ' ಎಂಬ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರಿಸಿದ್ದು ಬಿಇಎಲ್. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಆದರೆ ಗಣಕಯಂತ್ರವೆಂದರೆ ಪರದೇಶದಿಂದ ಬಂದಿಳಿಯುವ ಪೆಟ್ಟಿಗೆ ಮಾತ್ರವಲ್ಲ, ನಾವೂ ಮಾಡಬಹುದಾದ ವಸ್ತು ಎಂಬ ಧೈರ್ಯವನ್ನು ಅದು ಕೊಟ್ಟಿತು.

ಇಂಥ ಊರಿನಲ್ಲಿ ಒಂದು ಮನೆಯನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಿ. ಹೆಸರು, ಬೀದಿ ಮುಖ್ಯವಲ್ಲ. ಮನೆಯ ಯಜಮಾನ ಕ್ರೈಸ್ತ, ಕಾರ್ಖಾನೆಯ ಕೆಲಸದವನು, ಹವ್ಯಾಸಿ. ಭಾನುವಾರ ಬೆಳಿಗ್ಗೆ ಆರಾಧನೆ ಮುಗಿಸಿ ಬಂದು, ಊಟವಾದ ಮೇಲೆ ಕಿಟಕಿಯ ಪಕ್ಕದ ಮೇಜಿಗೆ ಕೂರುತ್ತಾನೆ. ಮೇಜಿನ ಮೇಲೆ ಮೂರು ವಸ್ತುಗಳು: ಕನ್ನಡ ಸತ್ಯವೇದ, ಹಿಂಬದಿ ಬಿಚ್ಚಿಟ್ಟ ಹಳೆಯ ಎಚ್‌ಎಂಟಿ ಗಡಿಯಾರ, ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್. ಹತ್ತನೆಯ ತರಗತಿಯ ಮಗಳು ಪಕ್ಕದಲ್ಲಿ ನಿಂತಿದ್ದಾಳೆ. ಅವಳ ಪ್ರಶ್ನೆ ಸರಳ: "ಅಪ್ಪಾ, ಈ ಮೂರೂ ಒಂದಕ್ಕೊಂದು ಜಗಳ ಆಡೋದಿಲ್ವಾ?"

ಇದು ಒಂದು ಮನೆಯ, ಒಂದು ಧರ್ಮದ ಪ್ರಶ್ನೆಯಲ್ಲ. ಆದರೆ ಕ್ರೈಸ್ತ ಜಗತ್ತಿನಲ್ಲಿ ಇದಕ್ಕೆ ಇನ್ನೂರು ವರ್ಷಗಳ ಸ್ವಾರಸ್ಯಕರ ಚರಿತ್ರೆಯಿದೆ. ಸೋಜಿಗವೆಂದರೆ, ಆ ಚರಿತ್ರೆಯ ಮುಖ್ಯ ಘಟ್ಟಗಳೆಲ್ಲ ಈ ಮೇಜಿನ ಮೇಲಿರುವ ವಸ್ತುಗಳ ಸುತ್ತಲೇ ನಡೆದಿವೆ.

ಹಾದಿಯಲ್ಲಿ ಸಿಕ್ಕ ಗಡಿಯಾರ

ಹಳೆಯ ಎಚ್‌ಎಂಟಿ 'ಜನತಾ' ಗಡಿಯಾರದ ಹಿಂಬದಿ ಬಿಚ್ಚಿ ನೋಡಿದವರಿಗೆ ಅದರ ಅಂದ ಗೊತ್ತು. ಕೀಲಿ ಕೊಟ್ಟಾಗ ಬಿಗಿಯುವ ಮುಖ್ಯ ಸ್ಪ್ರಿಂಗು, ಅದರ ಬಲವನ್ನು ಹಂತ ಹಂತವಾಗಿ ಸಾಗಿಸುವ ಹಲ್ಲುಚಕ್ರಗಳು, ಕೂದಲೆಳೆಯಂಥ ಸುರುಳಿಯೊಂದಿಗೆ ಹಿಂದಕ್ಕೂ ಮುಂದಕ್ಕೂ ತೂಗಾಡುವ ಪುಟ್ಟ ಚಕ್ರ. ಸೆಕೆಂಡಿಗೆ ಐದು ಸಲ ಅದು 'ಟಿಕ್' ಎನ್ನುತ್ತದೆ. ಒಂದು ಹಲ್ಲು ಸವೆದರೂ ಸಾಕು, ಎಲ್ಲವೂ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯ ಅಳಿಯನಿಗೆ ಇದೇ ಗಡಿಯಾರ ಕೊಡುತ್ತಿದ್ದ ಕಾಲವೊಂದಿತ್ತು. ಆ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಈಗ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯದಲ್ಲಿ ಆ ಗಡಿಯಾರಗಳ ಕತೆ ಹೇಳುತ್ತಾರೆ.

ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ 'ನ್ಯಾಚುರಲ್ ಥಿಯಾಲಜಿ' ಎಂಬ ಪುಸ್ತಕ ಪ್ರಕಟಿಸಿದರು. ಅದರ ಮೊದಲ ಮಾತೇ ಗಡಿಯಾರದ್ದು. ಬಯಲಿನಲ್ಲಿ ನಡೆಯುವಾಗ ಕಾಲಿಗೆ ಕಲ್ಲು ತಾಗಿದರೆ, ಅದು ಎಂದಿನಿಂದಲೂ ಅಲ್ಲಿತ್ತೇನೋ ಎಂದು ಸುಮ್ಮನಾಗಬಹುದು. ಆದರೆ ಒಂದು ಗಡಿಯಾರ ಸಿಕ್ಕರೆ? ಬಿಡಿಭಾಗಗಳೆಲ್ಲ ಒಂದು ಉದ್ದೇಶಕ್ಕಾಗಿ ಹೊಂದಿಕೊಂಡಿರುವುದನ್ನು ಕಂಡವರು, ಇದನ್ನು ಮಾಡಿದವನೊಬ್ಬ ಇದ್ದಾನೆ ಎನ್ನದೆ ಇರಲಾರರು. ಹಾಗಾದರೆ ಗಡಿಯಾರಕ್ಕಿಂತ ಸಾವಿರ ಪಾಲು ಸೂಕ್ಷ್ಮವಾದ ಕಣ್ಣನ್ನು, ರೆಕ್ಕೆಯನ್ನು ಕಂಡಾಗ? ಸೃಷ್ಟಿಗೂ ಒಬ್ಬ ಕರ್ತನಿರಲೇಬೇಕು ಎಂಬುದು ಪೇಲಿಯವರ ವಾದ.

ಗಡಿಯಾರ ಮಾಡುವವರ ಊರಿಗೆ ಈ ವಾದ ಥಟ್ಟನೆ ಹಿಡಿಸುತ್ತದೆ. ಆದರೆ ಅದೇ ಊರಿನವರು ಒಂದು ಮರುಪ್ರಶ್ನೆಯನ್ನೂ ಹಾಕಬಲ್ಲರು: ಗಡಿಯಾರ ಮರಿ ಹಾಕುವುದಿಲ್ಲ, ಜೀವಿಗಳು ಹಾಕುತ್ತವೆ. ಮರಿಗಳು ತಾಯಿಯಂತೆಯೇ ಇದ್ದರೂ ತುಸು ಬೇರೆಯಾಗಿರುತ್ತವೆ. ಈ ಒಂದು ವ್ಯತ್ಯಾಸದಿಂದ ಇಡೀ ಲೆಕ್ಕವೇ ಬದಲಾಗುತ್ತದೆಂದು ತೋರಿಸಿದವರು ಚಾರ್ಲ್ಸ್ ಡಾರ್ವಿನ್. ಕೇಂಬ್ರಿಜ್‌ನಲ್ಲಿ ಓದುವಾಗ ಪೇಲಿಯವರ ಬರಹವನ್ನು ಮೆಚ್ಚಿದ್ದ ಡಾರ್ವಿನ್, 1859ರಲ್ಲಿ ನೈಸರ್ಗಿಕ ಆಯ್ಕೆಯ ತತ್ವವನ್ನು ಪ್ರಕಟಿಸಿದರು. ಆದರೆ ಅವರಿಗಿಂತ ಮೊದಲೇ ಒಬ್ಬ ಗಣಿತಜ್ಞರು ಈ ಚರ್ಚೆಗೆ ತಮ್ಮ ಮನೆಯ ಯಂತ್ರವನ್ನೇ ತಂದಿಟ್ಟಿದ್ದರು.

ಮನೆಯ ಹಜಾರದಲ್ಲಿ ಪವಾಡ

ಗಣಕಯಂತ್ರದ ಪಿತಾಮಹರೆಂದು ಪಠ್ಯಪುಸ್ತಕಗಳಲ್ಲಿ ಹೆಸರಿರುವ ಚಾರ್ಲ್ಸ್ ಬ್ಯಾಬೇಜ್ ಅವರೇ ಆ ಗಣಿತಜ್ಞರು. ಕೋಷ್ಟಕಗಳನ್ನು ತಪ್ಪಿಲ್ಲದೆ ಲೆಕ್ಕ ಹಾಕಲೆಂದು ಅವರು ಯೋಜಿಸಿದ 'ಡಿಫರೆನ್ಸ್ ಎಂಜಿನ್' ಪೂರ್ತಿಯಾಗಲಿಲ್ಲ. 1832ರಲ್ಲಿ ಜೋಡಿಸಿದ ಒಂದು ಭಾಗ ಮಾತ್ರ ಕೆಲಸ ಮಾಡುತ್ತಿತ್ತು. ಲಂಡನ್ನಿನ ಡಾರ್ಸೆಟ್ ಬೀದಿಯ ತಮ್ಮ ಮನೆಯಲ್ಲಿ ಅದನ್ನಿಟ್ಟುಕೊಂಡು ಶನಿವಾರದ ಸಂಜೆ ಕೂಟಗಳಿಗೆ ಬಂದ ಅತಿಥಿಗಳಿಗೆ ಅವರು ತೋರಿಸುತ್ತಿದ್ದರು. ಬೀಗಲ್ ಹಡಗಿನ ಯಾನ ಮುಗಿಸಿ ಬಂದ ಡಾರ್ವಿನ್ ಕೂಡ ಬ್ಯಾಬೇಜರ ಕೂಟಗಳಿಗೆ ಹೋದದ್ದುಂಟು. ಮನೆಯಲ್ಲಿಟ್ಟು ಆಡಿಸಿದ ಗಣಕಯಂತ್ರದ ಮೊದಲ ಉದಾಹರಣೆ ಇದೆನ್ನಬಹುದು.

ಆಗ ಇಂಗ್ಲೆಂಡಿನಲ್ಲಿ ಬ್ರಿಜ್‌ವಾಟರ್ ಪ್ರಬಂಧಗಳೆಂಬ ಎಂಟು ಗ್ರಂಥಗಳು ಹೊರಬಂದಿದ್ದವು. ಸೃಷ್ಟಿಯಲ್ಲಿ ದೇವರ ಜಾಣ್ಮೆಯನ್ನು ತೋರಿಸಬೇಕೆಂದು ಶ್ರೀಮಂತರೊಬ್ಬರು ಉಯಿಲಿನಲ್ಲಿ 8,000 ಪೌಂಡು ಬಿಟ್ಟುಹೋಗಿದ್ದರ ಫಲ ಅವು. ಯಾರೂ ಕೇಳದಿದ್ದರೂ ಬ್ಯಾಬೇಜ್ 1837ರಲ್ಲಿ 'ಒಂಬತ್ತನೆಯ ಬ್ರಿಜ್‌ವಾಟರ್ ಪ್ರಬಂಧ'ವನ್ನು ತಾವಾಗಿ ಬರೆದು ಪ್ರಕಟಿಸಿದರು. ಅದರಲ್ಲಿ ಪವಾಡಗಳ ಬಗ್ಗೆ ಒಂದು ವಿಚಿತ್ರ ಉದಾಹರಣೆಯಿದೆ.

ಯಂತ್ರ 1, 2, 3, 4 ಎಂದು ಎಣಿಸುತ್ತ ಹೋಗುತ್ತದೆ. ನೋಡುವವನು ಒಂದು ಸಾವಿರ ಸಂಖ್ಯೆ ನೋಡಿದ, ಒಂದು ಲಕ್ಷ ನೋಡಿದ, ಒಂದು ಕೋಟಿ ನೋಡಿದ. ನಿಯಮ ಗೊತ್ತಾಯಿತು, ಪ್ರತಿಸಲ ಒಂದು ಕೂಡಿಸುವುದು. 10,00,00,001ರ ತನಕ ಹೀಗೆಯೇ ನಡೆಯುತ್ತದೆ. ಮುಂದಿನ ಸಂಖ್ಯೆ 10,00,00,002 ಇರಬೇಕಲ್ಲವೆ? ಯಂತ್ರ ತೋರಿಸುವುದು 10,00,10,002! ಆಮೇಲೆ 10,00,30,003, ಆಮೇಲೆ 10,00,60,004. ಯಾರೂ ಯಂತ್ರವನ್ನು ಮುಟ್ಟಿಲ್ಲ. ಈ ಬದಲಾವಣೆಯನ್ನು ಯಂತ್ರ ಜೋಡಿಸಿದವನು ಆರಂಭದಲ್ಲಿಯೇ ಇಟ್ಟಿದ್ದ. ಹಾಗೆಯೇ, ಪವಾಡವೆಂದರೆ ಪ್ರಕೃತಿ ನಿಯಮದ ಭಂಗವೆಂದೇ ತಿಳಿಯಬೇಕಿಲ್ಲ, ನಮಗೆ ಕಾಣದ ದೊಡ್ಡ ನಿಯಮವೊಂದರ ಭಾಗವೂ ಆಗಿರಬಹುದು ಎಂದರು ಬ್ಯಾಬೇಜ್.

ಶೆಟ್ಟಿಹಳ್ಳಿಯ ಮೇಜಿನ ಮೊದಲ ಪ್ರಾಜೆಕ್ಟು ಇದೇ ಆಗಬಹುದು. ಪೈಥಾನ್ ಭಾಷೆಯಲ್ಲಿ ಹತ್ತು ಸಾಲೂ ಬೇಡ. ಒಂದರಿಂದ ಎಣಿಸುತ್ತ ಹೋಗು. ಗೊತ್ತುಪಡಿಸಿದ ಸಂಖ್ಯೆ ದಾಟಿದೊಡನೆ ಕೂಡಿಸುವ ಮೊತ್ತವನ್ನು 10,001, 20,001, 30,001 ಎಂದು ಏರಿಸುತ್ತ ಹೋಗು. ಹತ್ತು ಕೋಟಿಯವರೆಗೆ ಕಾಯಲು ತಾಳ್ಮೆಯಿಲ್ಲದಿದ್ದರೆ ನೂರಕ್ಕೇ ಬದಲಾವಣೆ ಇಟ್ಟುಕೊಳ್ಳಿ. ಪ್ರೋಗ್ರಾಂ ನೋಡದ ಗೆಳೆಯನನ್ನು ಕೂರಿಸಿ ಮುಂದಿನ ಸಂಖ್ಯೆ ಊಹಿಸಲು ಹೇಳಿದರೆ ಮಜಾ ಬರುತ್ತದೆ.

ಆಟ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ: ಇದರಿಂದ ಏನು ಸಾಬೀತಾಯಿತು? ಎಷ್ಟೇ ಸಲ ಕಂಡ ನಿಯಮವೂ ಮುಂದಿನ ಸಲ ಹಾಗೆಯೇ ಇರುತ್ತದೆಂಬ ಪೂರ್ಣ ಖಾತರಿಯಿಲ್ಲ ಎಂಬುದು ಸಾಬೀತಾಯಿತು. ಇದು ವಿಜ್ಞಾನದ ವಿದ್ಯಾರ್ಥಿಗೆ ದೊಡ್ಡ ಪಾಠ. ಆದರೆ ಚರಿತ್ರೆಯಲ್ಲಿ ಯಾವುದೋ ಒಂದು ಪವಾಡ ನಡೆಯಿತೋ ಇಲ್ಲವೋ ಎಂಬುದು ಇದರಿಂದ ತಿಳಿಯಲಿಲ್ಲ. ಯಂತ್ರ ಸಾಧ್ಯತೆಯನ್ನು ತೋರಿಸಿತೇ ಹೊರತು ಸಾಕ್ಷಿ ನುಡಿಯಲಿಲ್ಲ.

ನೂರಾ ಹದಿನಾರು ವರ್ಷ

ಸುಮಾರು ನೂರೈವತ್ತು ವರ್ಷಗಳ ನಂತರ ಅದೇ ಚರ್ಚೆಗೆ ಇನ್ನೊಬ್ಬರು ಗಣಕಯಂತ್ರ ತಂದರು, ಈ ಬಾರಿ ಎದುರು ಪಕ್ಷದಿಂದ. ಆಕ್ಸ್‌ಫರ್ಡಿನ ಜೀವವಿಜ್ಞಾನಿ, ನಾಸ್ತಿಕ ರಿಚರ್ಡ್ ಡಾಕಿನ್ಸ್ 1986ರಲ್ಲಿ 'ದಿ ಬ್ಲೈಂಡ್ ವಾಚ್‌ಮೇಕರ್' ಪುಸ್ತಕ ಬರೆದರು. ಹೆಸರಿನಲ್ಲಿರುವ 'ಕುರುಡು ಗಡಿಯಾರಗಾರ' ಪೇಲಿಯವರಿಗೆ ಕೊಟ್ಟ ಉತ್ತರ. ಅದರ ವಾದದ ಒಂದು ಮುಖ್ಯ ಭಾಗ ಅವರು ತಾವೇ ಬರೆದ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂಗಳು.

ಷೇಕ್ಸ್‌ಪಿಯರನ ನಾಟಕದ 28 ಅಕ್ಷರಗಳ ಒಂದು ವಾಕ್ಯವನ್ನು ಯಂತ್ರ ಬರೀ ಅದೃಷ್ಟದಿಂದ ಬೆರಳಚ್ಚು ಮಾಡಬೇಕೆಂದರೆ ವಿಶ್ವದ ವಯಸ್ಸೂ ಸಾಲದು. ಆದರೆ ಪ್ರತಿಸಲ ತುಸು ತಪ್ಪುಗಳೊಂದಿಗೆ ಪ್ರತಿಗಳನ್ನು ತೆಗೆದು, ಅವುಗಳಲ್ಲಿ ಗುರಿಗೆ ಹತ್ತಿರವಾದುದನ್ನು ಉಳಿಸಿಕೊಂಡು, ಅದರಿಂದ ಮತ್ತೆ ಪ್ರತಿ ತೆಗೆಯುತ್ತ ಹೋದಾಗ, ಡಾಕಿನ್ಸರ ಯಂತ್ರ 43ನೆಯ ತಲೆಮಾರಿಗೇ ಆ ವಾಕ್ಯವನ್ನು ಮುಟ್ಟಿತು.

ನಮ್ಮ ಹವ್ಯಾಸಿ ಇದನ್ನು ತನ್ನ ಊರಿನ ಹೆಸರಿನಿಂದಲೇ ಮಾಡಬಹುದು. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಶೆಟ್ಟಿಹಳ್ಳಿಗೆ 11 ಅಕ್ಷರ. ಪ್ರತಿ ಜಾಗಕ್ಕೂ 26 ಅಕ್ಷರಗಳಲ್ಲಿ ಯಾವುದಾದರೂ ಬರಬಹುದಾದ್ದರಿಂದ, 26ನ್ನು 11 ಸಲ ಬರೆದು ಗುಣಿಸಬೇಕು. ಸುಮಾರು 3,670 ಲಕ್ಷ ಕೋಟಿ. ಲೆಕ್ಕ ಬರೆಯುವಾಗ ಸೊನ್ನೆಗಳಲ್ಲಿ ಎಡವುವುದು ಸುಲಭ! ನಿಖರವಾಗಿ ಬರೆದರೆ 3,67,03,44,48,69,87,776, ಅಂದರೆ ಸುಮಾರು 36.7 ಕೋಟಿಯ ಒಂದು ಕೋಟಿ ಪಟ್ಟು. ಕಂಪ್ಯೂಟರ್ ಸೆಕೆಂಡಿಗೆ ಹತ್ತು ಲಕ್ಷ ಸಲ ಕುರುಡಾಗಿ ಬರೆದರೂ ಸರಾಸರಿ 116 ವರ್ಷ ಬೇಕು. ಅದೇ ಕೆಲಸವನ್ನು ತಲೆಮಾರಿಗೆ 100 ಪ್ರತಿ, ಅಕ್ಷರವೊಂದಕ್ಕೆ ನೂರಕ್ಕೆ ಐದರಷ್ಟು ತಪ್ಪು, ಉತ್ತಮವಾದುದನ್ನು ಉಳಿಸಿಕೊಳ್ಳುವುದು ಎಂಬ ನಿಯಮದಲ್ಲಿ ಮಾಡಿಸಿದರೆ, ಸಾಮಾನ್ಯವಾಗಿ ಕೆಲವು ಹತ್ತು ತಲೆಮಾರುಗಳಲ್ಲೇ, ಕಣ್ಣು ಮಿಟುಕಿಸುವಷ್ಟರಲ್ಲಿ, ಪರದೆಯ ಮೇಲೆ ಊರಿನ ಹೆಸರು ಬಂದು ನಿಲ್ಲುತ್ತದೆ.

116 ವರ್ಷಕ್ಕೂ ಕಣ್ಣು ಮಿಟುಕಿಗೂ ಇರುವ ಈ ಅಂತರವೇ ಡಾರ್ವಿನ್ನರ ವಿಚಾರದ ಜೀವಾಳ. ಜೀವವಿಕಾಸವೆಂದರೆ ಬರೀ ಅದೃಷ್ಟ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಹಾಗೆಂದು ಪ್ರೋಗ್ರಾಮಿನ ಮಿತಿಯನ್ನು ಮರೆಯಬಾರದು. ಇಲ್ಲಿ ಗುರಿಯನ್ನು ಮೊದಲೇ ಬರೆದಿಟ್ಟಿದ್ದೇವೆ. ಪ್ರಕೃತಿಯಲ್ಲಿ ಅಂಥ ದೂರದ ಗುರಿ ಇಲ್ಲ, ಆ ಹೊತ್ತಿಗೆ ಬದುಕಿ ಮರಿ ಮಾಡುವುದಷ್ಟೇ ಅಲ್ಲಿನ ಪರೀಕ್ಷೆ. ಈ ಕೊರತೆಯನ್ನು ಡಾಕಿನ್ಸರೇ ಆ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಪೇಲಿಯವರ ವಾದ ಇದರಿಂದ ಸಡಿಲವಾಯಿತು ನಿಜ. ಆದರೆ ದೇವರಿಲ್ಲ ಎಂದೂ ಈ ಪ್ರೋಗ್ರಾಂ ಹೇಳಲಿಲ್ಲ. ಅಂಥ ಪ್ರಶ್ನೆಯನ್ನು ಅದಕ್ಕೆ ಯಾರೂ ಬರೆದುಕೊಟ್ಟಿರಲಿಲ್ಲ.

ಸಾಕ್ಷಿಕಟ್ಟೆಗೆ ಎಳೆಯಬೇಡಿ

ಹೀಗೆ ಒಬ್ಬರು ಯಂತ್ರವನ್ನು ನಂಬಿಕೆಯ ಪರವಾಗಿ, ಇನ್ನೊಬ್ಬರು ವಿರುದ್ಧವಾಗಿ ನಿಲ್ಲಿಸಿದರು. ಯಂತ್ರವನ್ನು ಸಾಕ್ಷಿಕಟ್ಟೆಗೆ ಎಳೆಯದೆಯೇ ಎರಡನ್ನೂ ಪ್ರೀತಿಸಿದ ಕ್ರೈಸ್ತರ ಸಾಲು ಇವರಿಬ್ಬರ ನಡುವೆ ಉದ್ದಕ್ಕೂ ಇದೆ. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ನಿಷ್ಠಾವಂತ ಪ್ರೆಸ್ಬಿಟೇರಿಯನ್. ಆದರೂ ತಮ್ಮ ದೇಶದಲ್ಲಿ ಡಾರ್ವಿನ್ನರ ಪರ ಮೊದಲು ನಿಂತವರಲ್ಲಿ ಅವರೊಬ್ಬರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಗಣಿತದಿಂದ ತೋರಿಸಿದ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಕ್ಯಾಥೊಲಿಕ್ ಪಾದ್ರಿ. ವಿಶ್ವಕ್ಕೆ ಆರಂಭವಿದೆಯೆಂಬ ವಿಜ್ಞಾನದ ಮಾತು ಧರ್ಮಗ್ರಂಥದ ಸೃಷ್ಟಿಗೆ ಪುಷ್ಟಿ ಕೊಡುತ್ತದೆಂಬ ಧಾಟಿಯಲ್ಲಿ 1951ರಲ್ಲಿ ಪೋಪ್ ಮಾತನಾಡಿದಾಗ, ಅದನ್ನು ಮೆಚ್ಚದವರು ಇದೇ ಲಮೇತ್ರ್. ತಮ್ಮ ಸಿದ್ಧಾಂತ ಭೌತವಿಜ್ಞಾನದ್ದು, ಅದು ಧರ್ಮದ ಪ್ರಶ್ನೆಯ ಹೊರಗೆ ನಿಲ್ಲುತ್ತದೆ ಎಂಬುದು ಅವರ ನಿಲುವು. ಇಂದು ಸಿದ್ಧಾಂತಕ್ಕೆ ನಂಬಿಕೆಯನ್ನು ಕಟ್ಟಿಹಾಕಿದರೆ, ನಾಳೆ ಸಿದ್ಧಾಂತ ತಿದ್ದುಪಡಿಯಾದಾಗ ನಂಬಿಕೆಯೂ ಅಲ್ಲಾಡುತ್ತದಲ್ಲವೆ?

ಕರ್ನಾಟಕದಲ್ಲೂ ಇಂಥವರಿದ್ದರು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕ ಫಾದರ್ ಸೆಸಿಲ್ ಸಲ್ಡಾನ್ಹಾ ಜೆಸುಯಿಟ್ ಪಾದ್ರಿಗಳು. ಅಮೆರಿಕದ ಡಾನ್ ನಿಕಲ್ಸನ್ ಜತೆಗೂಡಿ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಹೊರಬಂತು. ಆ ಇನ್ನೊಂದು ಶೆಟ್ಟಿಹಳ್ಳಿಯ ಜಿಲ್ಲೆಯೇ ಅದು. ಮುಂದೆ ಕರ್ನಾಟಕದ ಸಸ್ಯಗಳ ಬಗೆಗಿನ ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಒಂದು ಗಿಡವನ್ನು ಗುರುತಿಸಲು ಅದರ ಎಲೆ, ಹೂ, ಕೇಸರ ಎಣಿಸಬೇಕು. ಎಣಿಸುವವರು ಪಾದ್ರಿಯಾದರೂ ಎಣಿಕೆಯ ನಿಯಮ ಒಂದೇ.

ಲಘು ಗುರುವೇ ಸೊನ್ನೆ ಒಂದು

ಕನ್ನಡಿಗರಿಗೆ ಇನ್ನೂ ಹತ್ತಿರದ ಹೆಸರು ರೆವರೆಂಡ್ ಫರ್ಡಿನಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದವರು 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು. ಅದಕ್ಕೂ ಮೊದಲು, 1875ರಲ್ಲಿ, ಮಂಗಳೂರಿನಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಸಾವಿರ ವರ್ಷದ ಹಿಂದಿನ ಕನ್ನಡ ಛಂದಸ್ಸಿನ ಗ್ರಂಥಕ್ಕಾಗಿ ಒಬ್ಬ ಕ್ರೈಸ್ತ ಪಾದ್ರಿ ಅಷ್ಟು ಶ್ರಮಪಟ್ಟರು. ಅದರಿಂದ ಅವರ ನಂಬಿಕೆಯೇನೂ ಕುಂದಲಿಲ್ಲ, ಕನ್ನಡಕ್ಕೋ ಲಾಭವಾಯಿತು.

ಛಂದಸ್ಸಿಗೂ ಗಣಕಯಂತ್ರಕ್ಕೂ ಏನು ಸಂಬಂಧ ಎನ್ನುತ್ತೀರಾ? ಲಘುವನ್ನು 0 ಎನ್ನಿ, ಗುರುವನ್ನು 1 ಎನ್ನಿ. ಮೂರು ಅಕ್ಷರಗಳ ಗಣಗಳು ಎಂಟೇ ಏಕೆ ಎಂಬುದು ಆಗ ತಾನಾಗಿ ತಿಳಿಯುತ್ತದೆ: ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ನಗಣ 000, ಅಂದರೆ ಸೊನ್ನೆ. ಸಗಣ 001, ಅಂದರೆ ಒಂದು. ಮಗಣ 111, ಅಂದರೆ ಏಳು. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ಹೀಗೆಯೇ ಬರೆದರೆ 0111010001 ಆಗುತ್ತದೆ. ಇದರಲ್ಲಿ ಎಲ್ಲಿಂದಲಾದರೂ ಸಾಲಾಗಿ ಮೂರು ಅಂಕಿ ತೆಗೆಯಿರಿ. ಸೊನ್ನೆಯಿಂದ ಏಳರವರೆಗಿನ ಎಂಟು ಸಂಖ್ಯೆಗಳೂ ಒಂದೊಂದೇ ಸಲ ಬರುತ್ತವೆ! ಇಂಥ ಸರಣಿಗಳನ್ನು ಇಂದಿನ ಗಣಕ ವಿಜ್ಞಾನವೂ ಅಭ್ಯಾಸ ಮಾಡುತ್ತದೆ.

ಇದು ಮೇಜಿನ ಮೂರನೆಯ ಪ್ರಾಜೆಕ್ಟು. ಉತ್ಪಲಮಾಲೆಯಲ್ಲಿ ಸಾಲಿಗೆ 20 ಅಕ್ಷರ. ಲಘು ಗುರುಗಳನ್ನು ಬದಲಿಸುತ್ತ 20 ಅಕ್ಷರಗಳಲ್ಲಿ 10,48,576 ಬಗೆಯ ವಿನ್ಯಾಸ ಸಾಧ್ಯ. ಕಂಪ್ಯೂಟರ್ ಅವೆಲ್ಲವನ್ನೂ ಕ್ಷಣದಲ್ಲಿ ಪಟ್ಟಿ ಮಾಡುತ್ತದೆ. ಕಿವಿಗೆ ಇಂಪಾದ ಕೆಲವೇ ಕೆಲವನ್ನು ಆರಿಸಿಕೊಂಡವರು ಮಾತ್ರ ಕವಿಗಳು. ಎಣಿಸುವುದು ಯಂತ್ರದ ಕೆಲಸ, ಆರಿಸುವುದು ಮನುಷ್ಯನ ಕೆಲಸ.

ಈ ಮೂರೂ ಆಸಕ್ತಿಗಳು ಒಬ್ಬರಲ್ಲೇ ಕೂಡಿರುವುದನ್ನು ನೋಡಬೇಕೆಂದರೆ ಅಮೆರಿಕದ ಡೊನಾಲ್ಡ್ ಕನೂತ್ ಇದ್ದಾರೆ. ಗಣಕ ವಿಜ್ಞಾನದ ಮಹಾಗ್ರಂಥವೊಂದನ್ನು 1960ರ ದಶಕದಿಂದ ಸಂಪುಟ ಸಂಪುಟವಾಗಿ ಬರೆಯುತ್ತ ಬಂದವರು. ಅದರಲ್ಲಿ ಪಿಂಗಳನ ಛಂದಶ್ಶಾಸ್ತ್ರಕ್ಕೂ ಜಾಗವಿದೆ. ಅವರು ಲುಥೆರನ್ ಕ್ರೈಸ್ತರು, ಮನೆಯಲ್ಲೇ ಪೈಪ್ ಆರ್ಗನ್ ಇಟ್ಟುಕೊಂಡು ನುಡಿಸುವವರು. 1991ರ ಅವರ ಒಂದು ಪುಸ್ತಕದ ಹೆಸರು '3:16'. ಬೈಬಲಿನ ಬಹುತೇಕ ಪುಸ್ತಕಗಳಿಂದ ಮೂರನೆಯ ಅಧ್ಯಾಯದ ಹದಿನಾರನೆಯ ವಚನವನ್ನೇ ತೆಗೆದುಕೊಂಡು ಆಳವಾಗಿ ಓದುವ ಪ್ರಯೋಗ ಅದು. ಮೂಟೆಯಿಂದ ಒಂದು ಹಿಡಿ ಅಕ್ಕಿ ತೆಗೆದು ನೋಡುವ ಮಾದರಿ ಪರೀಕ್ಷೆಯನ್ನು ಅವರು ಧರ್ಮಗ್ರಂಥದ ಓದಿಗೆ ತಂದರು. ದೇವರನ್ನು ಸಾಬೀತುಪಡಿಸುವುದಕ್ಕಲ್ಲ, ತನಗೆ ಬೇಕಾದ ವಚನಗಳನ್ನಷ್ಟೇ ಆರಿಸಿ ಓದುವ ಚಟದಿಂದ ಪಾರಾಗುವುದಕ್ಕೆ.

ತಂದೆತಾಯಂದಿರಿಗೆ ಒಂದು ಮಾತು

ಈ ಪ್ರಾಜೆಕ್ಟುಗಳಿಗೆ ಹೊಸ ಕಂಪ್ಯೂಟರ್ ಬೇಕಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ ಹಳೆಯ ಯಂತ್ರಗಳೂ ಬಿಡಿಭಾಗಗಳೂ ಸಿಗುತ್ತವೆ. 2012ರಲ್ಲಿ ಬ್ರಿಟನ್ನಿನಲ್ಲಿ ಮಕ್ಕಳ ಕಲಿಕೆಗೆಂದೇ ಹೊರತಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವೂ ಆಗುತ್ತದೆ. ಪೈಥಾನ್ ಭಾಷೆ ಉಚಿತ. ಬೇಕಾದದ್ದು ಭಾನುವಾರದ ಎರಡು ತಾಸು ಮತ್ತು ಮನೆಯವರ ಸಮ್ಮತಿ.

ಈ ಎರಡನೆಯದು ಸಿಗುವುದೇ ಕಷ್ಟ. ಮಗು ಯಂತ್ರದ ಮುಂದೆ ಕುಳಿತರೆ ಅಂಕ ಕಡಿಮೆಯಾಗುತ್ತದೆಂಬ ಭಯ ಎಲ್ಲ ಮನೆಗಳಲ್ಲೂ ಇದೆ. ದೈವಭಕ್ತರ ಮನೆಗಳಲ್ಲಿ, ಅದು ಯಾವ ಧರ್ಮವೇ ಇರಲಿ, ಇನ್ನೊಂದು ಭಯವೂ ಇರುತ್ತದೆ: ಪ್ರಶ್ನೆ ಕೇಳುವುದು ಅಭ್ಯಾಸವಾದರೆ ನಂಬಿಕೆ ಹೋದೀತೆಂದು. ಆಗ ಮಗು ಒಂದು ಉಪಾಯ ಕಲಿಯುತ್ತದೆ. ಪರೀಕ್ಷೆಯಲ್ಲಿ ಡಾರ್ವಿನ್ನರ ಉತ್ತರ, ಮನೆಯಲ್ಲಿ ಬೇರೆ ಉತ್ತರ; ತನ್ನ ನಿಜವಾದ ಪ್ರಶ್ನೆ ಮಾತ್ರ ಯಾರಿಗೂ ಹೇಳದೆ ಒಳಗೇ ಉಳಿಯುತ್ತದೆ. ವಿಜ್ಞಾನಕ್ಕೂ ನಂಬಿಕೆಗೂ ಇದರಷ್ಟು ಕೆಡುಕು ಇನ್ನೊಂದಿಲ್ಲ. ಒಂದು ಬಾಯಿಪಾಠವಾಗುತ್ತದೆ, ಇನ್ನೊಂದು ನಟನೆಯಾಗುತ್ತದೆ.

ಕೈಯಾರೆ ಮಾಡುವ ಪ್ರಾಜೆಕ್ಟು ಇದಕ್ಕೆ ಒಳ್ಳೆಯ ಮದ್ದು. ಯಂತ್ರ ಯಾರ ಮುಲಾಜಿಗೂ ಬೀಳುವುದಿಲ್ಲ. ಒಂದು ಅಂಕಿ ತಪ್ಪಿದರೆ ಭಕ್ತನಿಗೂ ನಾಸ್ತಿಕನಿಗೂ ಒಂದೇ ತಪ್ಪು ಉತ್ತರ ಕೊಡುತ್ತದೆ. ತಪ್ಪನ್ನು ಒಪ್ಪಿಕೊಂಡು ತಿದ್ದುವುದನ್ನು ಅದು ದಿನವೂ ಕಲಿಸುತ್ತದೆ. ಯಾವ ಪ್ರಶ್ನೆಗೆ ಲೆಕ್ಕ ಉತ್ತರ ಕೊಡಬಲ್ಲುದು, ಯಾವುದಕ್ಕೆ ಕೊಡಲಾರದು ಎಂಬ ವಿವೇಕವೂ ಹೀಗೆಯೇ ಬೆಳೆಯುತ್ತದೆ. ಗಡಿಯಾರ ಹೇಗೆ ನಡೆಯುತ್ತದೆಂದು ಬಿಚ್ಚಿ ನೋಡಿ ತಿಳಿಯಬಹುದು. ಅದನ್ನು ಕೊಟ್ಟ ಅಜ್ಜನ ಪ್ರೀತಿಯನ್ನು ಹಲ್ಲುಚಕ್ರಗಳಲ್ಲಿ ಹುಡುಕಬೇಕಾಗಿಲ್ಲ, ಅಲ್ಲಿ ಕಾಣಲಿಲ್ಲವೆಂದು ಇಲ್ಲವೆನ್ನಬೇಕಾಗಿಯೂ ಇಲ್ಲ.

ಶೆಟ್ಟಿಹಳ್ಳಿಯ ಆ ಮನೆಯ ಮಗಳ ಪ್ರಶ್ನೆಗೆ ಹವ್ಯಾಸಿ ತಂದೆ ಕೊಡಬಹುದಾದ ಉತ್ತರ ಇಷ್ಟೆ: "ಮೂರಕ್ಕೂ ಒಂದೇ ಪ್ರಶ್ನೆ ಕೇಳಿದರೆ ಜಗಳ ಆಡ್ತಾವಮ್ಮ. ಒಂದೊಂದಕ್ಕೆ ಅದರದ್ದೇ ಪ್ರಶ್ನೆ ಕೇಳು." ಅಷ್ಟು ಹೇಳಿ ಅವನು ಗಡಿಯಾರದ ಮುಚ್ಚಳ ಹಾಕಿ, ಕೀಲಿ ತಿರುಗಿಸಿ, ಅವಳ ಕಿವಿಯ ಬಳಿ ಹಿಡಿಯಬಹುದು. ಕಾರ್ಖಾನೆ ಮುಚ್ಚಿದರೂ ಗಡಿಯಾರ ಇನ್ನೂ ನಡೆಯುತ್ತಿದೆ, ಸೆಕೆಂಡಿಗೆ ಐದು ಸಲ.